ಬಲಬಟನ್ನಿನ ಕಾಕಾ

ಕಾಕಾ ಕುರ್ಚಿಯಿಂದ ಏಳುವುದನ್ನು ಕಣ್ಣಾರೆ ನೋಡಿದವರು ನಮ್ಮ ಆಫೀಸಿನಲ್ಲಿ ಹೆಚ್ಚು ಮಂದಿ ಇರಲಿಲ್ಲ. ಬೆಳಿಗ್ಗೆ ನಿಪ್ಪಾಣಿಯ ಬಸ್ಸು ಇಳಿದು, ಮೆಟ್ಟಿಲಿಗೊಮ್ಮೆ ದೇವರನ್ನು ನೆನೆಯುತ್ತ ಮಹಡಿ ಹತ್ತಿ, ಆ ಕುರ್ಚಿಯಲ್ಲಿ ಭಾರ ಬಿಟ್ಟರೆಂದರೆ ಸಂಜೆಯ ಬಸ್ಸಿನ ತನಕ ಅದೇ ಅವರ ಸಂಸಾರ. ಕುರ್ಚಿಗೆ ಚಕ್ರಗಳಿದ್ದವು. ಪ್ರಿಂಟರಿನ ಹತ್ತಿರ ಹೋಗಬೇಕಾದರೆ ಎಡಗಾಲಿನಿಂದ ಗೋಡೆಯನ್ನು ಒದ್ದು, ತೆಪ್ಪದಲ್ಲಿ ಕುಳಿತವರಂತೆ ತೇಲಿಕೊಂಡು ಹೋಗುತ್ತಿದ್ದರು. ನೆಲ ಆ ಕಡೆಗೆ ಕೊಂಚ ಇಳಿಜಾರಾಗಿತ್ತು, ಹಾಗಾಗಿ ಹೋಗುವುದು ಸಲೀಸು. ಬರುವುದು ಕಷ್ಟ. ಬರುವಾಗ ಯಾರನ್ನಾದರೂ ಮಾತಿಗೆ ಎಳೆಯುತ್ತಿದ್ದರು. ಮಾತಾಡುತ್ತ ಮಾತಾಡುತ್ತ ನಾವು ಆ ಕುರ್ಚಿಯ ಬೆನ್ನು ಹಿಡಿದು ತಳ್ಳಿಕೊಂಡು ಬಂದುಬಿಟ್ಟಿರುತ್ತಿದ್ದೆವು. ತಳ್ಳಿದ್ದು ನಾವೇ ಎಂಬುದು ಆಮೇಲೆ ಗೊತ್ತಾಗುತ್ತಿತ್ತು.

ಸಾಹೇಬರೊಬ್ಬರನ್ನು ಬಿಟ್ಟು ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಕಾಕಾ ಎಂದೇ. ಹೆಸರು ಇಲ್ಲಿ ಬೇಡ. ಬರೆದರೆ ಅವರ ಹೆಂಡತಿ, ‘ಇಷ್ಟು ಸೋಮಾರಿ ಅಂತ ಊರಿಗೆಲ್ಲ ಸಾರಬೇಕಿತ್ತೇನು’ ಎಂದು ನನ್ನ ಮೇಲೆ ಸಿಟ್ಟಾದಾರು.

ನಮ್ಮ ಆಫೀಸು ಚಿಕ್ಕೋಡಿಯಲ್ಲಿ, ಪೈಪು ಮೋಟರು ಮಾರುವ ಅಂಗಡಿಯೊಂದರ ಮೇಲೆ. ಕೆಲಸ ಕಬ್ಬಿನ ನಕಾಶೆ ಮಾಡುವುದು. ಉಪಗ್ರಹದಿಂದ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು, ಒಂದೊಂದು ಹೊಲದ ಬದುವಿನ ಗುಂಟ ಮೌಸಿನಿಂದ ಗೆರೆ ಎಳೆದು, ಯಾರ ಹೊಲ, ಯಾವ ಹಿಸ್ಸಾ, ಕಬ್ಬು ಯಾವಾಗ ನೆಟ್ಟದ್ದು ಎಂದು ಬರೆಯಬೇಕು. ರಾಯಬಾಗ, ಅಥಣಿ, ಕಾಗವಾಡದ ಕಡೆಯ ಕಾರ್ಖಾನೆಯವರು ಅದನ್ನು ನೋಡಿ ಯಾರ ಕಬ್ಬು ಯಾವಾಗ ಕಡಿಯಬೇಕೆಂದು ಪಾಳಿ ಹಚ್ಚುತ್ತಿದ್ದರು. ನಾನು ಗೆರೆ ಎಳೆಯುವವರಲ್ಲಿ ಒಬ್ಬಳು. ಕರೋಶಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ನಮ್ಮ ಮಾವನವರಿಗೆ ಇದು ಮೊದಲಿನಿಂದಲೂ ಸರಿಬರುತ್ತಿರಲಿಲ್ಲ. “ಗೆರಿ ಎಳಿಯಾಕ ಚಿಕ್ಕೋಡಿತನಕ ಯಾಕ ಹೋಗಬೇಕು? ಮನೀ ಮುಂದ ಅಂಗಳ ಐತಲ್ಲ, ಅಲ್ಲೇ ಎಳಿ” ಎನ್ನುತ್ತಿದ್ದರು.

ಆ ಗೆರೆಯನ್ನು ಯಾವುದರಿಂದ ಎಳೆಯಬೇಕು, ಮೌಸಿನ ಯಾವ ಬಟನ್ ಒತ್ತಿದರೆ ಏನಾಗಬೇಕು ಎಂದು ಗೊತ್ತು ಮಾಡುವುದು ಕಾಕಾನ ಕೆಲಸ. ಟೂಲ್ ಎಂಬ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ, ಹತಾರ ಎನ್ನುತ್ತಿದ್ದರು. ಮೊದಲು ಪುಣೆಯಲ್ಲಿ ದೊಡ್ಡ ಕಂಪನಿಯಲ್ಲಿದ್ದವರು. ಅಷ್ಟು ದೊಡ್ಡ ಕೆಲಸ ಬಿಟ್ಟು ಇಲ್ಲಿಗೆ ಯಾಕೆ ಬಂದಿರಿ ಎಂದು ನಾನೊಮ್ಮೆ ಕೇಳಿದ್ದೆ.

“ಅಲ್ಲಿ ಲಿಫ್ಟ್ ಭಾಳ ಕೆಡತಿತ್ತು ಯವ್ವಾ” ಎಂದರು.

ಅವರು ಬಂದಾಗ ನಮ್ಮ ಹತಾರಗಳೆಲ್ಲ ಮೊದಲೇ ತಯಾರಾಗಿದ್ದವು. ಗೆರೆ ಎಳೆಯುವುದನ್ನು ಅಥಣಿಯ ಪ್ರೋಗ್ರಾಮರ್ ಬರೆದಿದ್ದ. ಅದರಲ್ಲಿ ಬಲಬಟನ್ ಒತ್ತಿದರೆ ಗೆರೆ ಮುಗಿಯುತ್ತಿತ್ತು. ಒಂದು ಹೊಲವನ್ನು ಎರಡಾಗಿ ಸೀಳುವುದನ್ನು ಕಾಗವಾಡದವನು ಬರೆದಿದ್ದ. ಅದರಲ್ಲಿ ಮುಗಿಸಬೇಕೆಂದರೆ ಎಡಬಟನ್ನನ್ನು ಟಕಟಕ ಎಂದು ಎರಡು ಸಲ ಒತ್ತಬೇಕು, ಬಲಬಟನ್ ಒತ್ತಿದರೆ ಹಿಂದಿನ ಮೂಲೆ ಅಳಿಸಿಹೋಗುತ್ತಿತ್ತು. ಇನ್ನು ಎರಡು ಹೊಲಗಳನ್ನು ಕೂಡಿಸಿ ಒಂದು ಮಾಡುವ ಹತಾರ. ಅದನ್ನು ಆಫೀಸು ಶುರುವಾದ ಹೊಸದರಲ್ಲಿ ಖುದ್ದು ಸಾಹೇಬರೇ, ಅಂದರೆ ನಮ್ಮ ಮಾಲಕರೇ ಬರೆದಿದ್ದರು. ಅದರಲ್ಲಿ ಎಂಟರ್ ಒತ್ತಿದರೆ ಹೊಲಗಳು ಕೂಡುತ್ತಿದ್ದವು. ಬಲಬಟನ್ ಒತ್ತಿದರೆ ಆರಿಸಿಕೊಂಡಿದ್ದ ಹೊಲಗಳೆಲ್ಲ ಒಂದು ಮಾತೂ ಕೇಳದೆ ಮಾಯವಾಗುತ್ತಿದ್ದವು. ಸಾಹೇಬರಿಗೆ ಆ ಹತಾರದ ಮೇಲೆ ಚೊಚ್ಚಲ ಮಗುವಿನ ಮೇಲಿನಂಥ ಪ್ರೀತಿ.

ಬಂದ ಮೊದಲ ವಾರ ಕಾಕಾ ಏನೂ ಕೆಲಸ ಮಾಡಲಿಲ್ಲ. ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡು, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ನಮ್ಮ ಕೈಗಳನ್ನೇ ನೋಡುತ್ತ ಕುಳಿತರು. ನನಗೆ ಮುಜುಗರವಾಯಿತು. ಕೊನೆಗೆ ತಡೆಯಲಾರದೆ, “ಏನ್ ನೋಡತೀರಿ ಕಾಕಾ?” ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆ.

“ನಿನ್ನ ನಡುಬೆರಳ ನೋಡಾಕತ್ತೇನಿ. ಅದು ಹೆದರೇತಿ.”

ನಾನು ಕೈ ನೋಡಿಕೊಂಡೆ. ತೋರುಬೆರಳು ಎಡಬಟನ್ನಿನ ಮೇಲೆ ಆರಾಮಾಗಿ ಮಲಗಿತ್ತು. ಬಲಬಟನ್ನಿನ ಮೇಲಿರಬೇಕಾದ ನಡುಬೆರಳು ಮಾತ್ರ, ಕಾದ ಹಂಚಿನ ಮೇಲೆ ಹಿಡಿದಂತೆ, ಎತ್ತಿಕೊಂಡು ನಿಂತಿತ್ತು. ಪಕ್ಕದವರದನ್ನು ನೋಡಿದೆ. ಎಲ್ಲರದೂ ಹಾಗೇ.

“ಒಂದ ಬಟನ್. ಒಂದರಾಗ ಮುಗಸತೈತಿ, ಒಂದರಾಗ ಹಿಂದ ಸರಸತೈತಿ, ಒಂದರಾಗ ಕೊಲ್ಲತೈತಿ. ಬೆರಳ ಪಾಪ ಏನ ಮಾಡಬೇಕು?” ಎಂದ ಕಾಕಾ ಅಲ್ಲಿಯೇ ತಮ್ಮ ಊಟದ ಡಬ್ಬಿ ಬಿಚ್ಚಿದರು. ಊಟಕ್ಕೆ ಇನ್ನೂ ಬಹಳ ಹೊತ್ತಿತ್ತು.

ಎಲ್ಲಾ ಹತಾರಗಳಲ್ಲೂ ಬಟನ್ನುಗಳು ಒಂದೇ ರೀತಿ ನಡೆಯಬೇಕೆಂದು ಕಾಕಾ ಪ್ರೋಗ್ರಾಮರುಗಳಿಬ್ಬರಿಗೂ ಹೇಳಿದರು. ಇಬ್ಬರೂ ಒಪ್ಪಿದರು. ಅಥಣಿಯವನು ಕಾಗವಾಡದವನು ಬದಲಿಸಲಿ ಎಂದ, ಕಾಗವಾಡದವನು ಅಥಣಿಯವನು ಬದಲಿಸಲಿ ಎಂದ. ಸಾಹೇಬರ ಹತಾರದ ಮಾತು ಇಬ್ಬರೂ ಎತ್ತಲಿಲ್ಲ. “ಒಂದೀಟ ನೆನಪ ಇಟ್ಕೊಂಡ್ರ ಆತ್ರಿ ಕಾಕಾ. ಎಲ್ಲಾ ಮ್ಯಾನುವಲ್‌ನ್ಯಾಗ ಬರದೇವಲ್ರಿ” ಎಂದರು.

ಮುಂದಿನ ಸೋಮವಾರ ಅವರಿಬ್ಬರೂ ತಮ್ಮ ಕೋಣೆಗೆ ಹೋಗಿ ಲೈಟು ಹಚ್ಚಲು ಗುಂಡಿ ಒತ್ತಿದರೆ ಫ್ಯಾನು ತಿರುಗಿತು. ಫ್ಯಾನಿನದನ್ನು ಒತ್ತಿದರೆ ಲೈಟು ಹತ್ತಿತು, ಆದರೆ ಕೆಳಗೆ ಅಲ್ಲ, ಮೇಲಕ್ಕೆ ಒತ್ತಿದಾಗ. ಮೂರನೆಯದನ್ನು ಒತ್ತಿದರೆ ಸಾಹೇಬರ ಕೋಣೆಯಲ್ಲಿ ಬೆಲ್ಲು ಹೊಡೆದುಕೊಂಡು, ಸಾಹೇಬರು “ಯಾರ್ರೀ ಅದು?” ಎನ್ನುತ್ತ ಹೊರಬಂದರು. ಹುಡುಗರು ಅರಚಾಡಿದರು. ಕಾಕಾ ತೇಲುತ್ತ ಬಂದು ಬಾಗಿಲಲ್ಲಿ ನಿಂತರು. ನಿಂತರು ಎಂದರೆ ಕುರ್ಚಿ ನಿಂತಿತು.

“ಯಾಕ ಒದರ್ತೀರಿ? ಒಂದೀಟ ನೆನಪ ಇಟ್ಕೋರಿ. ಎಲ್ಲಾ ಅಲ್ಲೇ ಬರದೇತಿ” ಎಂದು ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದ ಹಾಳೆಯೊಂದನ್ನು ಅಂಟಿಸಿತ್ತು. ಮೇಲೆ ‘ಮ್ಯಾನುವಲ್’ ಎಂದಿತ್ತು.

ಭಾನುವಾರ ರಜೆಯ ದಿನ ಕಾಕಾ ನಿಪ್ಪಾಣಿಯಿಂದ ಬಸ್ಸು ಹತ್ತಿ ಬಂದು, ಎಲೆಕ್ಟ್ರಿಷಿಯನ್ನನ್ನು ಕರೆಸಿ, ಎದುರಿಗೆ ಕೂತು ವೈರು ತಿರುವುಮುರುವು ಮಾಡಿಸಿದ್ದರು. ಕಿಡಿಗೇಡಿತನಕ್ಕೆ ಮಾತ್ರ ಅವರ ಸೋಮಾರಿತನ ಅಡ್ಡ ಬರುತ್ತಿರಲಿಲ್ಲ. ಹುಡುಗರು ನಕ್ಕರು, ನಾವೂ ನಕ್ಕೆವು. ಸಾಹೇಬರು ನಗಲಿಲ್ಲ. ಅಂದೇ ವೈರು ಸರಿಮಾಡಿಸಿ, “ಮಂದಿಗೆ ರೂಢಿ ಆಗೇತಿ, ಕಬ್ಬ ಕಡಿಯೂ ಸೀಸನ್ ಹತ್ರ ಬಂದೇತಿ, ಈಗ ಯಾವ ಹತಾರಾನೂ ಮುಟ್ಟಂಗಿಲ್ಲ” ಎಂದು ಹುಕುಂ ಮಾಡಿದರು.

ಆ ಸೀಸನ್ನಿನಲ್ಲಿಯೇ ನನ್ನ ಪಾಳಿ ಬಂತು.

ಕಾರ್ಖಾನೆಯಿಂದ ಫೋನು. ನಾವು ಕಳಿಸಿದ ನಕಾಶೆಯಲ್ಲಿ ಮುಗಳಖೋಡದ ಕಡೆಯ ಒಂದು ಹೊಲವೇ ಇಲ್ಲ, ಹಾಗಾಗಿ ಕಡಿಯುವ ಪಾಳಿಯಲ್ಲಿ ಆ ಹೊಲದ ಹೆಸರು ಬಂದಿಲ್ಲ, ಹೊಲದ ಒಡತಿ ಬಂದು ಗೇಟಿನಲ್ಲಿ ಕೂತಿದ್ದಾಳೆ, ಏಳು ಎಂದರೆ ಏಳುತ್ತಿಲ್ಲ. ಸಾಹೇಬರು ಕಂಪ್ಯೂಟರಿನಲ್ಲಿ ತೆಗೆಸಿ ನೋಡಿದರು. ಆ ಊರಿನ ಕೆಲಸ ನನ್ನದು. ಆಕೆಯ ಎರಡು ಹಿಸ್ಸಾಗಳನ್ನು ಕೂಡಿಸಿದ ದಿನ ಅವೆರಡೂ ಮಾಯವಾಗಿದ್ದವು. ಬೆಳಗಿನಿಂದ ಗೆರೆ ಎಳೆದು ಎಳೆದು ಬಲಬಟನ್ನಿನಿಂದ ಮುಗಿಸುತ್ತ ಬಂದಿದ್ದ ಕೈ, ಕೂಡಿಸುವಾಗಲೂ ಬಲಬಟನ್ನನ್ನೇ ಒತ್ತಿತ್ತು. ಅದು ನನಗೆ ಗೊತ್ತೂ ಆಗಿರಲಿಲ್ಲ. ಸಾಹೇಬರ ಹತಾರ ಅಳಿಸಿದ ಕೂಡಲೇ ತಾನೇ ಸೇವ್ ಮಾಡಿ ಕೈತೊಳೆದುಕೊಳ್ಳುತ್ತಿತ್ತು. ಕಾಕಾ ದಿನಾ ಬೆಳಿಗ್ಗೆ ತೆಗೆದಿಡುತ್ತಿದ್ದ ಕಾಪಿಯಲ್ಲೂ ಹಿಂದಿನದರ ಮೇಲೆ ಹೊಸದು ಕೂತು ಆ ಹೊಲ ಎಂದೋ ಹೋಗಿತ್ತು.

“ಒಬ್ಬಾಕಿ ಹೊಲಾ ಅಳಸಿ ಕುಂತೀಯಲ್ಲ, ಕಣ್ಣ ಎಲ್ಲಿ ಇಟ್ಟಿದ್ದಿ?” ಎಂದು ಸಾಹೇಬರು ಎಲ್ಲರ ಮುಂದೆ ರೇಗಿದರು. “ನಾಳಿಂದ ಬರಬ್ಯಾಡ.”

ನನಗೆ ಅಳು ಬರಲಿಲ್ಲ. ಅಂಗಳ ಕಣ್ಣ ಮುಂದೆ ಬಂತು. ಮಾವನವರು ಕಟ್ಟೆಯ ಮೇಲೆ ಕೂತು, ‘ನಾ ಹೇಳಿರಲಿಲ್ಲೇನು’ ಎಂದು ಬಾಯಿಬಿಟ್ಟು ಹೇಳದೆ ಮೀಸೆಯಲ್ಲೇ ಹೇಳುವುದು ಕಂಡಿತು. ಚೀಲಕ್ಕೆ ಡಬ್ಬಿ ತುಂಬತೊಡಗಿದೆ.

ಆಗ ಕುರ್ಚಿಯ ಚಕ್ರಗಳು ಗರ್ ಎಂದವು.

“ಸಾಹೇಬ್ರ, ನೀವ ಹೇಳೂದ ಖರೇ ಐತಿ. ಕಳಸಬೇಕು” ಎಂದರು ಕಾಕಾ. ನನ್ನ ಕೈ ಅಲ್ಲಿಯೇ ನಿಂತಿತು. ಈ ಮನುಷ್ಯ ನನ್ನ ಕಡೆ ಮಾತಾಡುತ್ತಾನೆ ಅಂದುಕೊಂಡಿದ್ದೆ. “ಆದ್ರ ಆಕೀ ಜಾಗಾಕ್ಕ ಬರೂ ಹೊಸಬ್ರೂ ಹಿಂಗ ಮಾಡಿದ್ರ? ಎಲ್ಲಾರೂ ಇಲ್ಲೇ ಅದಾರ. ಕೂಡಸೂದು ಹ್ಯಾಂಗಂತ ನೀವ ಒಮ್ಮೆ ತೋರಿಸಿಬಿಡ್ರಿ. ಆ ಹತಾರ ಬರದವ್ರು ನೀವು. ನಿಮಗಿಂತ ಛಲೋ ಮತ್ತ್ಯಾರ ತೋರಸ್ತಾರು?”

ಸಾಹೇಬರ ಸಿಟ್ಟು ಅರ್ಧ ಇಳಿಯಿತು. ನನ್ನ ಜಾಗದಲ್ಲಿಯೇ ಕೂತರು. ನಾವೆಲ್ಲ ಬೆನ್ನಹಿಂದೆ ನಿಂತೆವು.

“ಯಾವ ಊರ ತಗೀಲಿ?”

“ಯಾವುದಾದ್ರೂ ನಡೀತೈತ್ರಿ. ನಿಮ್ಮ ಊರ ಇರ್ಲಿ.”

ಸಾಹೇಬರ ಊರು ರಾಯಬಾಗದ ಹತ್ತಿರ. ಅವರ ಮನೆತನದ ಹೊಲ ಪರದೆಯ ಮೇಲೆ ಬಂತು. ಒಂದು ಹಿಸ್ಸಾ ಅವರದು, ಒಂದು ಹಿಸ್ಸಾ ತಮ್ಮನದು.

“ಸಣ್ಣಾವ್ರಿದ್ದಾಗ ಈಜತಿದ್ದೆ ಅಂತ ಹೇಳತಿದ್ರಲ್ಲ, ಆ ಬಾವಿ ಕಾಣವಲ್ದಲ್ರಿ?” ಎಂದರು ಕಾಕಾ.

“ಇಲ್ಲೇ ಐತಲ್ಲ, ಈ ಮೂಲ್ಯಾಗ.”

“ಹೌದೇನ್ರಿ? ಮತ್ತ ನಕಾಶೆದಾಗ ಬರದಽ ಇಲ್ಲ. ಬರೀರಿ, ಬರೀರಿ.”

ಸಾಹೇಬರು ಬಾವಿಯ ಸುತ್ತ ಗೆರೆ ಎಳೆದು ಬಲಬಟನ್ನಿನಿಂದ ಮುಗಿಸಿದರು. ಕಾಕಾ ದನದ ಕೊಟ್ಟಿಗೆ ಎಲ್ಲಿತ್ತೆಂದು ಕೇಳಿದರು. ಅದನ್ನೂ ಬರೆದು ಬಲಬಟನ್ ಒತ್ತಿದರು. ಪಂಪಿನ ಮನೆ ಕೇಳಿದರು. ಬಲಬಟನ್. ತಮ್ಮನ ಜೊತೆ ಜಗಳಾಡಿ ಹತ್ತಿ ಕೂರುತ್ತಿದ್ದ ಮಾವಿನ ಗಿಡವನ್ನು ಸಾಹೇಬರು ತಾವೇ ನೆನೆಸಿಕೊಂಡು ಬರೆದರು. ಬಲಬಟನ್. ಈಗ ಸಾಹೇಬರ ಮುಖ ಅರಳಿತ್ತು, ಸಿಟ್ಟು ಪೂರಾ ಮರೆತುಹೋಗಿತ್ತು. ಕಾಕಾನ ಕಣ್ಣು ಮಾತ್ರ ಅವರ ನಡುಬೆರಳಿನ ಮೇಲಿತ್ತು. ಆ ಬೆರಳು ಹೆದರಿಕೆ ಬಿಟ್ಟು ಬಟನ್ನಿನ ಮೇಲೆ ಹಾಯಾಗಿ ಮಲಗಿದ್ದನ್ನು ಕಂಡು, ತಾಯಿ ಜೋಗುಳ ನಿಲ್ಲಿಸುವಷ್ಟು ಮೆಲ್ಲಗೆ ಹೇಳಿದರು:

“ಛಲೋ ಆತ್ರಿ. ಈಗ ಅಣ್ಣಂದೂ ತಮ್ಮಂದೂ ಕೂಡಿಸಿ ಒಂದ ಮಾಡಿಬಿಡ್ರಿ.”

ಸಾಹೇಬರು ಕೂಡಿಸುವ ಹತಾರ ತೆಗೆದರು. ತಮ್ಮ ಹೊಲ ಆರಿಸಿದರು, ತಮ್ಮನ ಹೊಲ ಆರಿಸಿದರು, ಬಲಬಟನ್ ಒತ್ತಿದರು.

ಎರಡೂ ಹೊಲ ಹೋದವು. ಬಾವಿ ಉಳಿಯಿತು. ಕೊಟ್ಟಿಗೆ, ಪಂಪಿನ ಮನೆ, ಮಾವಿನ ಗಿಡ ಎಲ್ಲ ಖಾಲಿ ಜಾಗದಲ್ಲಿ ದಿಕ್ಕಿಲ್ಲದಂತೆ ನಿಂತವು. ಕೆಳಗೆ ಅಂಗಡಿಯಲ್ಲಿ ಯಾರೋ ಪೈಪು ಕೊಯ್ಯುತ್ತಿದ್ದರು.

ಕಾಕಾ ಗಂಟಲು ಸರಿಮಾಡಿಕೊಂಡರು. “ಸಾಹೇಬ್ರ, ನಾಳಿಂದ ಯಾರ ಬರಬ್ಯಾಡ ಅಂದ್ರಿ?”

ಸಾಹೇಬರು ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಡಬ್ಬಿಯನ್ನು ಚೀಲದಿಂದ ತೆಗೆಯಲೋ ಬೇಡವೋ ತಿಳಿಯದೆ ನಿಂತಿದ್ದೆ. “ಕೂಡ್ರ ಬೇ, ನಿಂತ್ರ ಕಾಲ ನೋಯತಾವು” ಎಂದರು ಕಾಕಾ.

ಸಂಜೆ ಸಾಹೇಬರು ಹೊರಬಂದರು. ನನ್ನ ಕಡೆ ನೋಡಲಿಲ್ಲ. “ನಾಳೆ ಮುಗಳಖೋಡಕ್ಕ ಹೋಗಿ ಆ ಹೊಲಾ ನೋಡ್ಕೊಂಡ ಬಂದು ಸರಿಮಾಡು” ಎಂದು ಗೋಡೆಗೆ ಹೇಳಿದರು. ಆ ಮಾತು ನನಗೆಂದು ತಿಳಿದು, ಡಬ್ಬಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಆಮೇಲೆ ಕಾಕಾನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: “ಮುಂಜಾನೆ ಕಾಪಿ ತಗದ ಇಟ್ಟೀರಿಲ್ಲೋ? ನಮ್ಮ ಹೊಲದ್ದು?”

“ಇಟ್ಟೇನ್ರಿ. ನಿಮ್ಮ ಹೊಲಾ ನನ್ನ ಕಡೆ ಬೆಚ್ಚಗ ಐತಿ. ಎಲ್ಲಾ ಹತಾರ ಒಂದ ರೀತಿ ಮಾಡಾಕ ಪರವಾನಗಿ ಕೊಡ್ರಿ, ಹೊಳ್ಳಿ ಬರತೈತಿ.”

“ಅಂದ್ರ? ನನ್ನ ಹೊಲಾ ಒತ್ತೆ ಇಟ್ಕೊಂಡೀರೇನು?”

“ಛೇ ಛೇ. ಸುಮ್ನ ಸಂಬಾಳಸ್ತೇನ್ರಿ.”

ಸಾಹೇಬರು ತಮ್ಮ ಕೋಣೆಯ ಬಾಗಿಲ ತನಕ ಹೋಗಿ ತಿರುಗಿ ಬಂದರು. ಕೊನೆಗೆ ಹೂಂ ಎಂದರು. ತಮ್ಮ ಹೊಲಕ್ಕಾಗಿ ಎಂದಿದ್ದರೋ, ತಮ್ಮ ಬೆರಳೂ ಮೋಸ ಹೋದದ್ದಕ್ಕೆ ಎಂದಿದ್ದರೋ ಗೊತ್ತಿಲ್ಲ.

ಮರುದಿನ ನನ್ನ ಜೊತೆ ಮುಗಳಖೋಡಕ್ಕೆ ಕಾಕಾ ಕೂಡ ಹೊರಟದ್ದು ಆಫೀಸಿಗೇ ಸುದ್ದಿಯಾಯಿತು. ಗೇಟಿನಲ್ಲಿ ಕೂತಿದ್ದ ಆ ಮುದುಕಿ ಹೊಲದ ಮೂಲೆಯಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದಳು. ಬೆನ್ನಹಿಂದೆ ಆಳೆತ್ತರದ ಕಬ್ಬು.

“ನನ್ನ ಹೊಲಾ ಎಲ್ಲಿ ಒಯ್ದಿದ್ರಿ?”

“ಎಲ್ಲೂ ಒಯ್ದಿಲ್ಲವ್ವಾ. ಕಂಪ್ಯೂಟರನ್ಯಾಗಿಂದ ಅಳಸಿತ್ತು” ಎಂದರು ಕಾಕಾ.

“ಅಳಸಾಕ ನಿಮಗ ಯಾರ ಹೇಳಿದ್ರು?”

ಕಾಕಾ ಟೋಪಿ ಸರಿಮಾಡಿಕೊಂಡರು. ಆಕೆ ಮುಂದೆ ನಡೆದಳು. ಬದುವಿನ ಗುಂಟ, ಬಿಸಿಲಿನಲ್ಲಿ, ಕಾಕಾ ಹಿಂದೆ. ಒಂದು ಬದಿ ಮುಗಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಎರಡನೆಯದು ಮುಗಿದಾಗ ಟೋಪಿ ತೆಗೆದು ಗಾಳಿ ಬೀಸಿಕೊಂಡರು. ಮೂರನೆಯದರ ಕೊನೆಗೆ ಗಡಿಗಲ್ಲಿನ ಮೇಲೆ ಕುಕ್ಕರಿಸಿದರು.

“ಅವ್ವಾ, ಮೂರ ಬದಿ ನೋಡಿದ್ರ ನಾಕನೇದ್ದು ತಾನ ತಿಳೀತೈತಿ.”

“ನಾಕನೇ ಬದೀಗೆ ನನ್ನ ಮೈದುನ ಅದಾನ. ಅಲ್ಲೇ ಛಲೋತ್ನ್ಯಾಗ ನೋಡಬೇಕು. ಏಳ್ರಿ” ಎಂದಳು.

ಕಾಕಾ ಎದ್ದರು. ನಾನು ನಗು ತಡೆಯಲು ಸೆರಗು ಬಾಯಿಗೆ ಹಿಡಿದಿದ್ದೆ. ಅಂದೇ ಆಫೀಸಿಗೆ ಬಂದು ಆಕೆಯ ಹೊಲ ಬರೆದು ಕಳಿಸಿದೆ. ಹೆಸರು ಪಾಳಿಯಲ್ಲಿ ಬಂತು, ಕಬ್ಬು ಹೊತ್ತಿಗೆ ಸರಿಯಾಗಿ ಕಾರ್ಖಾನೆಗೆ ಹೋಯಿತು. ಅದು ತಿಳಿದ ದಿನ ಕಾಕಾ, “ನಾಕನೇ ಬದಿ ಸರೀ ಬಂತಿಲ್ಲೋ?” ಎಂದು ಮಾತ್ರ ಕೇಳಿದರು.

ಆಮೇಲೆ ಹತಾರಗಳ ಕೆಲಸ ಶುರುವಾಯಿತು. ಕಾಕಾನ ಕಾಯಿದೆ ಸಣ್ಣದು. ಎಡಬಟನ್ ಇಡುತ್ತದೆ, ಬಲಬಟನ್ ಮುಗಿಸುತ್ತದೆ. ಎಸ್ಕೇಪ್ ಒತ್ತಿದರೆ ಏನೂ ಆಗಿಯೇ ಇಲ್ಲ ಎಂದು ತಿಳಿಯಬೇಕು. ಮೌಸಿನ ನಡುವಿನ ಗಾಲಿ ತಿರುಗಿಸಿದರೆ ನಕಾಶೆ ಹತ್ತಿರವೋ ದೂರವೋ ಆಗಬೇಕು, ಅಷ್ಟೇ. ಅಳಿಸುವ ಕೆಲಸ ಮೌಸಿಗೆ ಬೇಡವೇ ಬೇಡ, ಅದಕ್ಕೆ ಕೀಬೋರ್ಡಿನಲ್ಲಿ ಬೇರೆ ಕೀಲಿ. ಮಾಡಿದ್ದನ್ನು ವಾಪಸ್ ಪಡೆಯುವ ‘ಹಿಂದಕ್ಕೆ’ ಬಟನ್ ಎಲ್ಲ ಹತಾರಕ್ಕೂ ಇರಲೇಬೇಕು. ಗೆರೆ ಎಳೆಯಲಿ, ಸೀಳಲಿ, ಕೂಡಿಸಲಿ, ಈ ಕಾಯಿದೆ ಬದಲಾಗಕೂಡದು. “ನನ್ನ ಕೈ ನನ್ನನ್ನ ಏನೂ ಕೇಳಬಾರದು. ಕೇಳಿದ್ರ ನಾ ವಿಚಾರ ಮಾಡಬೇಕಾಗತೈತಿ. ಅದು ಭಾಳ ತ್ರಾಸಿನ ಕೆಲಸ” ಎನ್ನುತ್ತಿದ್ದರು.

ಕಾಗವಾಡದವನು ತನ್ನ ಟಕಟಕವನ್ನು ಸುಲಭವಾಗಿ ಬಿಡಲಿಲ್ಲ. ದೊಡ್ಡ ದೊಡ್ಡ ಕಂಪನಿಯ ಸಾಫ್ಟ್‌ವೇರುಗಳಲ್ಲೂ ಹಾಗೇ ಇದೆ ಎಂದು ವಾದಿಸಿದ. ಕಾಕಾ ವಾದ ಮಾಡಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನು ಮೂಲೆ ಇಡುವಾಗಲೆಲ್ಲ ಹಿಂದಿನಿಂದ “ಬೇಗ! ಬೇಗ! ಬಸ್ ಹೊಂಟತು!” ಎಂದು ಕೂಗತೊಡಗಿದರು. ಅವಸರದಲ್ಲಿ ಅವನು ಎರಡು ಮೂಲೆಗಳನ್ನು ಪಕ್ಕಪಕ್ಕದಲ್ಲೇ ಇಡಹೋಗಿ ಕಂಪ್ಯೂಟರು ಅದನ್ನು ಟಕಟಕ ಎಂದುಕೊಂಡು ಹೊಲವನ್ನು ಅರ್ಧಕ್ಕೇ ಮುಗಿಸಿತು. ಮತ್ತೆ ಬರೆದ, ಮತ್ತೆ ಹಾಗೇ ಆಯಿತು. ಅವನೇ ಎದ್ದು ಹೋಗಿ ಬದಲಿಸಿದ.

ಹೊಸ ಹತಾರ ಬಂದ ಮೊದಲ ವಾರ ನಾವು ಕಾಕಾನಿಗೆ ಹಾಕದ ಶಾಪವಿಲ್ಲ. ಹಳೆಯದು ಎಷ್ಟು ಕೆಟ್ಟದ್ದಾದರೂ ಕೈಗೆ ಕೂತಿತ್ತು. ಕೂಡಿಸುವಾಗ ನಾನು ಎಂಟರ್ ಒತ್ತಿ ಒತ್ತಿ, ಏನೂ ಆಗದ್ದನ್ನು ಕಂಡು ಹಲ್ಲು ಕಡಿಯುತ್ತಿದ್ದೆ. ಅದು ಒಂದೆರಡು ವಾರದಲ್ಲಿ ಸರಿಹೋಯಿತು. ಸರಿಹೋಗದ್ದು ಒಂದೇ. ಮೂಲೆ ಸರಿಸಬೇಕಾದರೆ ಬಟನ್ ಒತ್ತಿ ಹಿಡಿದುಕೊಂಡೇ ಎಳೆದು, ಬೇಕಾದಲ್ಲಿ ತಂದು ಬಿಡಬೇಕೆಂದು ಕಾಕಾ ಮಾಡಿಟ್ಟಿದ್ದರು. ದಿನವಿಡೀ ಒತ್ತಿ ಹಿಡಿದು ನಮ್ಮ ತೋರುಬೆರಳುಗಳು ಸಂಜೆಗೆ ಬಾಗುತ್ತಿರಲಿಲ್ಲ. ಮನೆಗೆ ಹೋಗಿ ರೊಟ್ಟಿ ಬಡಿಯುವುದು ಹೇಗೆ? ಕಾಕಾನಿಗೆ ಹೇಳಿದೆವು. “ಎಲ್ಲಾ ಕಡೆ ಹಿಂಗ ಮಾಡತಾರ. ರೂಢಿ ಆಗತೈತಿ” ಎಂದುಬಿಟ್ಟರು! ಸಾಹೇಬರ ಮಾತೇ ಅವರ ಬಾಯಿಂದ ಬಂದದ್ದು ಕೇಳಿ ನಾವು ಮುಖ ಮುಖ ನೋಡಿಕೊಂಡೆವು.

ಮರುದಿನ ಬೆಳಿಗ್ಗೆ ಕಾಕಾ ಉಸ್ಸೆಂದು ಬಂದು ನೋಡಿದರೆ ಅವರ ಜಾಗದಲ್ಲಿ ಚಕ್ರದ ಕುರ್ಚಿ ಇಲ್ಲ. ಕೆಳಗಿನ ಅಂಗಡಿಯಿಂದ ತಂದ ಒಂದು ಪ್ಲಾಸ್ಟಿಕ್ ಸ್ಟೂಲು ಇತ್ತು. ನಾವು ತಲೆ ಎತ್ತದೆ ಗೆರೆ ಎಳೆಯುತ್ತಿದ್ದೆವು.

“ನನ್ನ ಕುರ್ಚಿ ಎಲ್ಲೈತ್ರೇ?”

“ನಮ್ಮ ಕಡೆ ಬೆಚ್ಚಗ ಐತ್ರಿ ಕಾಕಾ. ಸುಮ್ನ ಸಂಬಾಳಸೇವ್ರಿ” ಎಂದೆ ನಾನು.

ಕಾಕಾ ಸ್ಟೂಲಿನ ಮೇಲೆ ಕೂತರು. ಬೆನ್ನು ಆನಿಸಲು ಏನೂ ಇರಲಿಲ್ಲ. ಪ್ರಿಂಟರಿಗೆ ನಡೆದುಕೊಂಡು ಹೋದರು, ನೀರಿಗೆ ನಡೆದುಕೊಂಡು ಹೋದರು. ಮಾತಿಗೆ ಎಳೆದರೂ ಯಾರೂ ಸಿಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನನ್ನ ಜಾಗಕ್ಕೆ ಬಂದು ಕೂತು ತಾವೇ ಮೂಲೆ ಸರಿಸತೊಡಗಿದರು. ಒತ್ತಿ ಹಿಡಿದು ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು. ಸಂಜೆಯ ಹೊತ್ತಿಗೆ ಬೆರಳನ್ನು ಬಾಯಿಯ ಹತ್ತಿರ ಹಿಡಿದು ಊದಿಕೊಂಡರು.

“ಇದು ಸೋಮಾರಿಗಳ ಹತಾರ ಅಲ್ಲ. ನೀವ ಹ್ಯಾಂಗ ಮಾಡಂತೀರಿ?” ಎಂದು ಕೇಳಿದರು.

“ಒಮ್ಮೆ ಒತ್ತಿದ್ರ ಮೂಲಿ ಕೈಗೆ ಬರಬೇಕ್ರಿ. ಬೇಕಾದಲ್ಲಿ ಹೋಗಿ ಇನ್ನೊಮ್ಮೆ ಒತ್ತಿದ್ರ ಕೂಡಬೇಕು. ನಡುವ ಹಿಡಕೊಂಡಿರೂದು ಬ್ಯಾಡ.”

“ಬ್ಯಾಡ ಅನಿಸಿದ್ರ?”

“ಎಸ್ಕೇಪ್. ಏನೂ ಆಗೇ ಇಲ್ಲ.”

ಕಾಕಾ ನನ್ನನ್ನು ನೋಡಿದರು. ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. “ಕುರ್ಚಿ ತರ್ರಿ” ಎಂದರು.

ಪ್ರೋಗ್ರಾಮರುಗಳು ಹಾಗೇ ಮಾಡಿದರು. ಒತ್ತು, ಸರಿಸು, ಒತ್ತು. ಮೂಲೆಗಷ್ಟೇ ಅಲ್ಲ, ಎಲ್ಲ ಹತಾರಕ್ಕೂ ಅದೇ ನಿಯಮವಾಯಿತು. ಕುರ್ಚಿಯನ್ನು ಆಫೀಸಿನ ಮೇಲಿನ ಮಾಳಿಗೆಯಿಂದ ಇಳಿಸಿ ತಂದದ್ದು ನಾವೇ. ಅದರ ಮೇಲೆ ಕೂತು ಕಾಕಾ ಅದೇ ಸಂಜೆ ಪ್ರಿಂಟರಿನ ಕಡೆ ಸುಮ್ಮಸುಮ್ಮನೆ ಒಂದು ಸಲ ತೇಲಿ ಹೋದರು. ವಾಪಸ್ ತಳ್ಳಿಕೊಂಡು ಬಂದವಳು ನಾನು. ಈ ಸಲ ಗೊತ್ತಿದ್ದೇ ತಳ್ಳಿದೆ.

ಕಾಕಾನ ನಿವೃತ್ತಿಯ ದಿನ ಶಾಲು ಹೊದಿಸಿ ಎರಡು ಮಾತಾಡಿ ಎಂದರೆ, “ಶಾಲಿನ್ಯಾಗ ಭಾಳ ಸೆಕಿ ಆಗಾಕತ್ತೇತಿ, ಒಂದ ಮಾತ ಹೇಳತೇನಿ. ಬರ್ತೇನಿ” ಎಂದು ಹೇಳಿ ಮುಗಿಸಿದರು. ಈಗ ಕೆಲವು ತಿಂಗಳ ಹಿಂದೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ ಎಂಬ ಸುದ್ದಿ ನಿಪ್ಪಾಣಿಯಿಂದ ಬಂತು. ಸಾಹೇಬರು, ನಾನು, ಇನ್ನಿಬ್ಬರು ಹೋಗಿ ಬಂದೆವು. ಅವರ ಹೆಂಡತಿಯದು ಮರಾಠಿ ಬೆರೆತ ಕನ್ನಡ. ಕಣ್ಣು ಒರೆಸಿಕೊಳ್ಳುತ್ತಲೇ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಖರಂ ಸಾಂಗಾ, ಖರೇ ಹೇಳ್ರಿ, ಇವ್ರು ಅಲ್ಲಿ ಖರೇನ ಕೆಲಸ ಮಾಡತಿದ್ರೇನು? ಇಲ್ಲಿ ಉಂಡ ಒಂದ ವಾಟೀ ಸುದ್ದಾ ಎತ್ತಿ ಇಟ್ಟಾವ್ರಲ್ಲ.”

ಮಾಡುತ್ತಿದ್ದರು ಎಂದೆ. ನಂಬಿದಂತೆ ಕಾಣಲಿಲ್ಲ.

ಮೊನ್ನೆ ಕಾರ್ಖಾನೆಯಿಂದ ಸಾಹೇಬರಿಗೆ ಫೋನು ಬಂತು. ಅಲ್ಲಿ ಹೊಸದಾಗಿ ಬಂದ ಅಧಿಕಾರಿಯೊಬ್ಬರು ನಕಾಶೆಯಲ್ಲಿ ಏನೋ ಎಡವಟ್ಟು ಮಾಡಿಕೊಂಡು, ಗಾಬರಿಯಲ್ಲಿ ‘ಹಿಂದಕ್ಕೆ’ ಬಟನ್ನನ್ನು ಒತ್ತುತ್ತಲೇ ಹೋಗಿದ್ದರು. ಮೊಟ್ಟಮೊದಲ ಗೆರೆಯನ್ನೂ ದಾಟಿ ಒತ್ತಿದಾಗ ಪರದೆಯ ಮೇಲೆ ಏನೋ ಬಂದಿತಂತೆ. ನಿಮ್ಮ ಸಾಫ್ಟ್‌ವೇರ್ ನಮ್ಮ ಜೊತೆ ಚೇಷ್ಟೆ ಮಾಡುತ್ತಿದೆ, ತೆಗೆಸಿ ಎಂದು ಅವರ ತಕರಾರು.

ಸಾಹೇಬರು ನನ್ನ ಜಾಗಕ್ಕೆ ಬಂದರು. ನಾವ್ಯಾರೂ ಅಷ್ಟು ಹಿಂದಕ್ಕೆ ಎಂದೂ ಹೋಗಿರಲಿಲ್ಲ. ಒಂದು ಹೊಸ ನಕಾಶೆ ತೆಗೆದು, ಒಂದೆರಡು ಗೆರೆ ಎಳೆದು, ಅವನ್ನು ವಾಪಸ್ ತೆಗೆದು, ಆಮೇಲೂ ಸಾಹೇಬರು ‘ಹಿಂದಕ್ಕೆ’ ಒತ್ತಿದರು. ನಡುವೆ ಒಂದು ಸಣ್ಣ ಚೌಕ ಮೂಡಿತು.

‘ಇನ್ನ ಹಿಂದಕ್ಕ ಹೋಗಾಕ ಜಾಗಾ ಇಲ್ರಿ. ಒಂದ ಕಪ್ ಚಾ ಕುಡದ ಬರ್ರಿ.’

ಕಾಕಾನದೇ ಮಾತು ಅದು. ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಅದನ್ನು ಇನ್ನೊಮ್ಮೆ ಓದಿ, ಮತ್ತೆ ಒತ್ತಿದರು. ಚೌಕದಲ್ಲಿ ಬೇರೆ ಅಕ್ಷರ ಬಂತು.

‘ಒಮ್ಮೆ ಹೇಳಿದ್ರ ತಿಳೀಲಿಲ್ಲೇನ್ರಿ ಸಾಹೇಬ್ರ?’

ನಾವೆಲ್ಲ ಗೊಳ್ಳೆಂದು ನಕ್ಕೆವು. ಸಾಹೇಬರು ಎಲ್ಲರಿಗಿಂತ ಜೋರಾಗಿ ನಕ್ಕರು. “ಇನ್ನೊಮ್ಮೆ ಒತ್ತಾಂವ ನಾನಽ ಅಂತ ಹ್ಯಾಂಗ ಗೊತ್ತಿತ್ತಪಾ ಇವ್ರಿಗೆ!” ಎನ್ನುತ್ತ, ನಗುತ್ತಲೇ ಮೂರನೆಯ ಸಲ ಒತ್ತಿದರು.

ಏನೂ ಬರಲಿಲ್ಲ. ಪರದೆಯ ಮೇಲೆ ಖಾಲಿ ನಕಾಶೆ ಇತ್ತು. ಸಾಹೇಬರು ಮತ್ತೊಮ್ಮೆ ಒತ್ತಿ, ಸ್ವಲ್ಪ ಹೊತ್ತು ಕಾದರು.